ಸ್ವರ ಸಂದೇಹ: ಕಾರ್ಡೆಲ್ಲ ಗೊತ್ತು, ಹಾರ್ಮನಿ ಯಾಕೆ ಕೂರುತ್ತಿಲ್ಲ?

ಪಾಶ್ಚಾತ್ಯ ಸಂಗೀತದ ಹಾರ್ಮನಿ (ಸ್ವರಗಳನ್ನು ಕಾರ್ಡುಗಳಾಗಿ ಕೂಡಿಸುವ ಕ್ರಮ) ಮತ್ತು ಕೌಂಟರ್‌ಪಾಯಿಂಟ್ (ಸ್ವತಂತ್ರ ಗೆರೆಗಳನ್ನು ಒಟ್ಟಿಗೆ ನಡೆಸುವ ಕ್ರಮ) ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಸ್ಟಾಫ್ ನೊಟೇಷನ್ ಬಾರದವರಿಗೂ ತಿಳಿಯಲಿ ಎಂದು ಉದಾಹರಣೆಗಳನ್ನು ಸರಿಗಮದಲ್ಲೇ ಕೊಟ್ಟಿದ್ದೇವೆ. ಬೇರೆ ಹೇಳದಿದ್ದ ಕಡೆ ಸ ಅಂದರೆ ಸಿ, ಸ್ವರಗಳು ಶಂಕರಾಭರಣದವು, ಅಂದರೆ ಕೀಬೋರ್ಡಿನ ಬಿಳಿ ಮನೆಗಳು ಮಾತ್ರ. ಸ', ರಿ' ಎಂದು ಗೆರೆ ಹಾಕಿದ್ದರೆ ಮೇಲಿನ ಸ್ಥಾಯಿ. ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು, ಅವು ನಿಂತ ಸ್ವರದ ಲೆಕ್ಕದಲ್ಲಿ 1ನೇ ಕಾರ್ಡು (ಸ ಗ ಪ), 4ನೇ ಕಾರ್ಡು (ಮ ದ ಸ), 5ನೇ ಕಾರ್ಡು (ಪ ನಿ ರಿ) ಎಂದು ಕರೆದಿದ್ದೇವೆ. ಎರಡು ಸ್ವರಗಳ ಅಂತರವನ್ನು ಎರಡನ್ನೂ ಸೇರಿಸಿ ಎಣಿಸುತ್ತಾರೆ: ಸ-ಗ ಥರ್ಡ್ (3), ಸ-ಮ ಫೋರ್ತ್ (4), ಸ-ಪ ಫಿಫ್ತ್ (5), ಸ-ದ ಸಿಕ್ಸ್ತ್ (6), ಸ-ನಿ ಸೆವೆಂತ್ (7), ಸ-ಸ' ಆಕ್ಟೇವ್ (8).

ಪ್ರಶ್ನೆ: ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮೇಜರ್, ಮೈನರ್, ಸೆವೆಂತ್ ಎಲ್ಲ ಕೈಗೆ ಬಂದಿದೆ. ಆದರೆ ಅದೇ ಕಾರ್ಡುಗಳನ್ನು ನಾಲ್ಕು ಗಾಯಕರಿಗೆ ಹಂಚಿ ಹಾಡಿಸಿದರೆ ತೆಳ್ಳಗೆ, ಪೊಳ್ಳಾಗಿ ಕೇಳುತ್ತದೆ. ಸ್ವರಗಳೇನೂ ತಪ್ಪಿಲ್ಲ. ಎಲ್ಲಿ ಎಡವುತ್ತಿದ್ದೇನೆ?
(ತಿಪಟೂರಿನ ಓದುಗರು)

ಉತ್ತರ: ಕೀಬೋರ್ಡಿನವರ ಕೈಯಲ್ಲಿ ಕಾರ್ಡು ಒಂದು ಅಚ್ಚಿನ ಹಾಗೆ ಕೂತುಬಿಟ್ಟಿರುತ್ತದೆ. 4ರಿಂದ 5ಕ್ಕೆ ಹೋಗುವಾಗ ಮ-ದ-ಸ ಹಿಡಿದ ಬೆರಳುಗಳು ಹಾಗೇ ಒಂದು ಮನೆ ಮೇಲೆ ಜಾರಿ ಪ-ನಿ-ರಿ ಹಿಡಿಯುತ್ತವೆ. ಎಡಗೈಯೂ ಮದಿಂದ ಪಕ್ಕೆ ಜಾರುತ್ತದೆ. ಈಗ ಅದನ್ನೇ ನಾಲ್ಕು ಜನ ಹಾಡುತ್ತಿದ್ದಾರೆ ಎಂದುಕೊಳ್ಳಿ. ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ) ಮದಿಂದ ಪಕ್ಕೆ ಹೋದ, ಅವನ ಮೇಲಿನವನೂ ಮದಿಂದ ಪಕ್ಕೇ ಹೋದ: ಇದು ಪ್ಯಾರಲಲ್ ಆಕ್ಟೇವ್. ಇನ್ನೊಬ್ಬ ಸದಿಂದ ರಿಗೆ ಹೋದ: ಬೇಸಿನ ಜೊತೆ ಅದು ಪ್ಯಾರಲಲ್ ಫಿಫ್ತ್. ನಾಲ್ಕು ಜನ ಹಾಡುತ್ತಿದ್ದರೂ ಕಿವಿಗೆ ಒಂದೂವರೆ ದನಿಯಷ್ಟೇ ಸಿಗುತ್ತದೆ.

ಕಾರಣ ಇಷ್ಟು. ಯಾವ ಸ್ವರ ಮಿಡಿದರೂ ಅದರೊಳಗೇ ಎರಡು ಪಟ್ಟು, ಮೂರು ಪಟ್ಟು ಕಂಪನದ ಉಪಸ್ವರಗಳಿರುತ್ತವೆ. ಸ ಮಿಡಿದರೆ ಮೇಲಿನ ಸ, ಅದರ ಮೇಲಿನ ಪ ತಾವಾಗಿಯೇ ಕೇಳುತ್ತವೆ. ತಂಬೂರಿಯ ಪಕ್ಕ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಒಂದು ದನಿಯ ಮೇಲೆ ಆಕ್ಟೇವ್‌ನಲ್ಲೋ ಫಿಫ್ತ್‌ನಲ್ಲೋ ಇನ್ನೊಂದು ದನಿ ಅದೇ ದಿಕ್ಕಿಗೆ, ಅಷ್ಟೇ ದೂರ ಸರಿದರೆ ಕಿವಿ ಎರಡನೆಯದನ್ನು ಮೊದಲನೆಯದರ ಬಣ್ಣ ಎಂದೇ ಲೆಕ್ಕ ಹಾಕುತ್ತದೆ. ಥರ್ಡ್, ಸಿಕ್ಸ್ತ್‌ಗಳು ಜೊತೆಯಾಗಿ ಸರಿದರೆ ಹೀಗೆ ಕರಗುವುದಿಲ್ಲ. ಅವುಗಳಲ್ಲಿ ಮೇಜರ್ ಮೈನರ್ ಬದಲಾಗುತ್ತಲೇ ಇರುತ್ತದೆ.

1-4-5-1 ಅನ್ನು ನಾಲ್ಕು ದನಿಗೆ ಹಂಚುವ ಒಂದು ಸರಿಯಾದ ಬಗೆ ಹೀಗಿದೆ (ಮೇಲಿನ ದನಿಯಿಂದ ಕೆಳಗಿನದಕ್ಕೆ):

ಸೊಪ್ರಾನೊ: ಸ' – ಸ' – ನಿ – ಸ'
ಆಲ್ಟೊ: ಗ – ಮ – ರಿ – ಗ
ಟೆನರ್: ಪ – ದ – ಪ – ಪ
ಬೇಸ್: ಸ – ಮ – ಪ – ಸ

ಸೊಪ್ರಾನೊದ ಸ' ಎಂದರೆ ಮಧ್ಯದ ಸಿಗಿಂತ ಒಂದು ಸ್ಥಾಯಿ ಮೇಲಿನದು. ಆಲ್ಟೊ ಸ್ವರಗಳು ಮಧ್ಯದ ಸಿಯಿಂದ ಮೇಲೆ, ಟೆನರ್ ಸ್ವರಗಳು ಅದರ ಕೆಳಗೆ. ಬೇಸ್ ಮಧ್ಯದ ಸಿಗಿಂತ ಒಂದು ಸ್ಥಾಯಿ ಕೆಳಗಿನ ಸದಲ್ಲಿ ಶುರುವಾಗಿ, ಅಲ್ಲಿಂದ ಮಕ್ಕೆ ಇಳಿದು, ಪಕ್ಕೆ ಒಂದು ಮೆಟ್ಟಿಲು ಹತ್ತಿ, ಮತ್ತೆ ಸಕ್ಕೆ ಬರುತ್ತದೆ. 1ರಿಂದ 4ಕ್ಕೆ ಹೋಗುವಾಗ ಎರಡೂ ಕಾರ್ಡಿಗೆ ಸೇರಿದ ಸ' ಸೊಪ್ರಾನೊದಲ್ಲಿ ಇದ್ದಲ್ಲೇ ಇದೆ, ಆಲ್ಟೊ, ಟೆನರ್ ಒಂದೊಂದೇ ಮೆಟ್ಟಿಲು ಸರಿದಿವೆ. 4ಕ್ಕೂ 5ಕ್ಕೂ ಸಾಮಾನ್ಯ ಸ್ವರವೇ ಇಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಇಲ್ಲಿ ಬೇಸ್ ಮೇಲಕ್ಕೆ ಹೋದರೆ ಮೇಲಿನ ಮೂರೂ ದನಿಗಳು ಕೆಳಕ್ಕೆ ಬರಬೇಕು. ಸ' ನಿಗೆ, ಮ ರಿಗೆ, ದ ಪಕ್ಕೆ ಇಳಿದಿರುವುದನ್ನು ನೋಡಿ. ಬೇಸನ್ನು ಮಧ್ಯದ ಸಿಯ ಹತ್ತಿರದ ಮಕ್ಕೆ ಹತ್ತಿಸಿದ್ದರೆ 5ನೇ ಕಾರ್ಡಿನಲ್ಲಿ ಟೆನರಿಗೂ ಬೇಸಿಗೂ ಒಂದೇ ಪ ಸಿಕ್ಕಿ ಇಬ್ಬರೂ ಒಂದೇ ಮನೆಯಲ್ಲಿ ಇಕ್ಕಟ್ಟಾಗುತ್ತಿದ್ದರು.

ಬರೆಯುವ ಕ್ರಮವೂ ಮುಖ್ಯ. ಮೊದಲು ಬೇಸ್, ಆಮೇಲೆ ಸೊಪ್ರಾನೊ. ಇವೆರಡನ್ನು ಮಾತ್ರ ನುಡಿಸಿ, ಕೇಳುವ ಹಾಗಿದ್ದರಷ್ಟೇ ನಡುವಿನ ಎರಡನ್ನು ತುಂಬಿ. ಕಾರ್ಡನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಜೋಡಿಸುತ್ತ ಹೋದರೆ ಆಲ್ಟೊ, ಟೆನರ್ ಪಾಲಿಗೆ ಬರುವುದು ಎಂಜಲು ಸ್ವರಗಳೇ. ಸೊಪ್ರಾನೊ-ಆಲ್ಟೊ ನಡುವೆ, ಆಲ್ಟೊ-ಟೆನರ್ ನಡುವೆ ಒಂದು ಸ್ಥಾಯಿಗಿಂತ ಹೆಚ್ಚು ಅಂತರ ಬೇಡ. ಟೆನರ್-ಬೇಸ್ ನಡುವೆ ಎಷ್ಟಿದ್ದರೂ ನಡೆಯುತ್ತದೆ. ನಿಮ್ಮ ಪೊಳ್ಳು ದನಿಗೆ ಅರ್ಧ ಕಾರಣ ಪ್ಯಾರಲಲ್ ಆದರೆ ಇನ್ನರ್ಧ ಈ ಅಂತರವೇ ಇರಬೇಕು.

5ನೇ ಕಾರ್ಡಿನ ನಿ ಬಗ್ಗೆ ಒಂದು ಎಚ್ಚರಿಕೆ. ಅದು ಲೀಡಿಂಗ್ ಟೋನ್, ಸಕ್ಕೆ ಏರಲು ತುದಿಗಾಲಲ್ಲಿ ನಿಂತಿರುತ್ತದೆ. ಇಬ್ಬರಿಗೆ ನಿ ಕೊಟ್ಟರೆ ಇಬ್ಬರೂ ಸಕ್ಕೆ ಏರಿ ಪ್ಯಾರಲಲ್ ಆಕ್ಟೇವ್ ಆಗುತ್ತದೆ. ಆದ್ದರಿಂದ ನಾಲ್ಕನೆಯ ದನಿಗೆ ಪ ಕೊಡಿ. ಸೆವೆಂತ್ ಸೇರಿಸಿ ಪ-ನಿ-ರಿ-ಮ ಮಾಡಿದಾಗ ನಿ ಮೇಲಕ್ಕೆ ಸಕ್ಕೆ, ಮ ಕೆಳಕ್ಕೆ ಗಕ್ಕೆ ಹೋಗಬೇಕು. ನಾಲ್ಕು ಸ್ವರವನ್ನೂ ಇಟ್ಟು, ರಿಯನ್ನೂ ಸಕ್ಕೆ ಇಳಿಸಿ, ಎಲ್ಲವನ್ನೂ ನಿಯಮದಂತೆ ಬಿಡಿಸಿದರೆ ಮುಂದಿನ 1ನೇ ಕಾರ್ಡಿನಲ್ಲಿ ಮೂರು ಸ, ಒಂದು ಗ ಉಳಿದು ಪ ಇಲ್ಲದಂತಾಗುತ್ತದೆ. ಅದು ತಪ್ಪಲ್ಲ, ಹೆದರಬೇಡಿ. ಪ ಬೇಕೇ ಬೇಕೆಂದರೆ ಸೆವೆಂತ್ ಕಾರ್ಡಿನಲ್ಲಿ ರಿ ಬಿಟ್ಟು ಪವನ್ನು ಎರಡು ಮಾಡಿ. ಅಥವಾ ನಿ ನಡುವಿನ ದನಿಯಲ್ಲಿದ್ದರೆ ಅದನ್ನು ಪಕ್ಕೆ ಇಳಿಸಿ. ಜರ್ಮನಿಯ ಬಾಖ್‌ನ ಕೋರಾಲ್‌ಗಳಲ್ಲಿ (ನಾಲ್ಕು ದನಿಯ ಚರ್ಚ್ ಹಾಡುಗಳಲ್ಲಿ) ಈ ಇಳಿಸುವಿಕೆ ಮತ್ತೆಮತ್ತೆ ಸಿಗುತ್ತದೆ. ಸೊಪ್ರಾನೊದಲ್ಲಿ ಮಾತ್ರ ಹಾಗೆ ಮಾಡಬೇಡಿ, ಕೊನೆ ಬಿದ್ದುಹೋದ ಹಾಗೆ ಕೇಳುತ್ತದೆ.

ಪ್ರಶ್ನೆ: ಡಿಗ್ರಿ ಓದುತ್ತ ಬಿಡುವಿನಲ್ಲಿ ಥಿಯರಿ ಕಲಿಯುತ್ತಿದ್ದೇನೆ. ಕೆಲವರು ಹಾರ್ಮನಿ ಮೊದಲು ಅನ್ನುತ್ತಾರೆ, ಕೆಲವರು ಕೌಂಟರ್‌ಪಾಯಿಂಟ್ ಮೊದಲು. ಯಾವುದು ಸರಿ? ಗುರುಗಳಿಲ್ಲದೆ ಶುರು ಮಾಡಬಹುದೆ?
(ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಈ ಜಗಳ ಮುನ್ನೂರು ವರ್ಷದ್ದು. ಕಾರ್ಡಿಗೆ ಒಂದು ಬೇರು ಸ್ವರ ಇರುತ್ತದೆ, ಅದನ್ನು ತಿರುವಿ ಹಾಕಿದರೂ ಕಾರ್ಡು ಅದೇ ಎಂಬ ವಿಚಾರವನ್ನು ಫ್ರಾನ್ಸಿನ ರಾಮೊ 1722ರಲ್ಲಿ ಪುಸ್ತಕ ಮಾಡಿದ. ಮೂರೇ ವರ್ಷಕ್ಕೆ, 1725ರಲ್ಲಿ, ವಿಯೆನ್ನಾದಲ್ಲಿ ಫುಕ್ಸ್ ಗುರುಶಿಷ್ಯ ಸಂವಾದದ ರೂಪದಲ್ಲಿ ಲ್ಯಾಟಿನ್‌ನಲ್ಲಿ ಕೌಂಟರ್‌ಪಾಯಿಂಟ್ ಪಾಠ ಬರೆದ. ಸಂಗೀತಕಾರ ಹೈಡನ್ ತಾನಾಗಿ ಕಲಿತದ್ದು ಫುಕ್ಸ್‌ನ ಪುಸ್ತಕದಿಂದ. ನಮ್ಮ ಮಾತು ಕೇಳುವಿರಾದರೆ ಎರಡು ದನಿಯ ಕೌಂಟರ್‌ಪಾಯಿಂಟ್ ಮೊದಲು, ಕಾರ್ಡು ಆಮೇಲೆ. ಎರಡು ಗೆರೆಗಳನ್ನು ಒಟ್ಟಿಗೆ ನಡೆಸಲು ಬಾರದವರು ನಾಲ್ಕನ್ನು ನಡೆಸಲಾರರು. ಅದೂ ಅಲ್ಲದೆ, ಗುರುಗಳಿಲ್ಲದೆ ಕಲಿಯುವವರಿಗೆ ಎರಡು ದನಿಯ ತಪ್ಪು ತಾವೇ ಹಿಡಿಯುವಷ್ಟು ಬಯಲಲ್ಲಿರುತ್ತದೆ.

ಫುಕ್ಸ್ ಮಾಡಿದ ಮೆಟ್ಟಿಲು ಐದು, ಅವನ್ನು ಸ್ಪೀಶೀಸ್ ಎನ್ನುತ್ತಾರೆ. ಕೊಟ್ಟ ಒಂದು ಗೆರೆಗೆ, ಅಂದರೆ ಕ್ಯಾಂಟಸ್ ಫರ್ಮಸ್‌ಗೆ, ಮೊದಲು ಒಂದಕ್ಕೆ ಒಂದು ಸ್ವರ, ಆಮೇಲೆ ಒಂದಕ್ಕೆ ಎರಡು, ಆಮೇಲೆ ನಾಲ್ಕು, ನಾಲ್ಕನೆಯದರಲ್ಲಿ ಸ್ವರವನ್ನು ಮುಂದಿನ ಘಾತಕ್ಕೆ ಎಳೆದು ತಡೆಹಿಡಿಯುವ ಸಸ್ಪೆನ್ಷನ್, ಐದನೆಯದು ಎಲ್ಲದರ ಬೆರಕೆ. ಮೊದಲನೆಯದರ ಒಂದು ಮಾದರಿ:

ಮೇಲಿನ ದನಿ: ಸ' ನಿ ದ ಸ' ನಿ ರಿ' ಸ' ನಿ ಸ'
ಕೆಳಗಿನ ದನಿ: ಸ ರಿ ಮ ಗ ಪ ಮ ಗ ರಿ ಸ
ಅಂತರ: 8 6 3 6 3 6 6 6 8

ಕೆಳಗಿನದು ಕೊಟ್ಟಿದ್ದು, ಮೇಲಿನದು ನಾವು ಬರೆದದ್ದು. ಶುರುವೂ ಕೊನೆಯೂ ಆಕ್ಟೇವ್ (ಶುರುವಿಗೆ ಫಿಫ್ತ್ ಕೂಡ ನಡೆಯುತ್ತದೆ). ನಡುವೆ ಹೆಚ್ಚಾಗಿ 3, 6. ಮೂರಕ್ಕಿಂತ ಹೆಚ್ಚು 6 ಅಥವಾ 3 ಸಾಲಾಗಿ ಬರಬಾರದು; ಕೊನೆಯಲ್ಲಿ ಸರಿಯಾಗಿ ಮೂರೇ ಇವೆ. ಮೇಲಿನ ದನಿಯ ಶಿಖರ ರಿ', ಅದು ಒಂದೇ ಸಲ ಬರುತ್ತದೆ. ಕೆಳಗಿನ ದನಿಯ ಶಿಖರ ಪ, ಅದೂ ಒಂದೇ ಸಲ, ಆದರೆ ಬೇರೆ ಜಾಗದಲ್ಲಿ. ಎರಡೂ ಶಿಖರ ಒಂದೇ ಘಾತಕ್ಕೆ ಬಿದ್ದರೆ ಎರಡು ಗೆರೆ ಇದ್ದೂ ಉಬ್ಬು ಒಂದೇ ಆಗುತ್ತದೆ.

ಈಗ ಹೊಸಬರು ಏನು ಬರೆಯುತ್ತಾರೆ ನೋಡಿ. ಮೂರನೇ ನಾಲ್ಕನೇ ಸ್ವರ ಮ, ಗ. ಮಕ್ಕೆ ಸ' ಸೇರುತ್ತದೆ, ಗಕ್ಕೆ ನಿ ಸೇರುತ್ತದೆ ಎಂದು ಸ'-ನಿ ಬರೆಯುತ್ತಾರೆ. ಬಿಡಿಯಾಗಿ ಎರಡೂ ಫಿಫ್ತ್, ಎರಡೂ ಹಿತ. ಸಾಲಾಗಿ ಬಂದಾಗ ಪ್ಯಾರಲಲ್ ಫಿಫ್ತ್. ನಾಲ್ಕನೆಯದರಿಂದ ಐದನೆಯದಕ್ಕೆ, ಗ ಪಕ್ಕೆ ಏರುವಾಗ, ಸ' ಕೂಡ ರಿ'ಗೆ ಏರಿದರೆ ಇನ್ನೊಂದು ಸೂಕ್ಷ್ಮ ತಪ್ಪು: ಎರಡೂ ಒಂದೇ ದಿಕ್ಕಿಗೆ ಹತ್ತಿ ಫಿಫ್ತ್ ಮೇಲೆ ಇಳಿಯುತ್ತವೆ. ಇದಕ್ಕೆ ಹಿಡನ್ ಫಿಫ್ತ್ ಎಂದು ಹೆಸರು. ನಾಲ್ಕು ದನಿಯಲ್ಲಿ ಸೊಪ್ರಾನೊ ಒಂದೇ ಮೆಟ್ಟಿಲು ಸರಿದರೆ ಇದನ್ನು ಮನ್ನಿಸುತ್ತಾರೆ, ಎರಡು ದನಿಯಲ್ಲಿ ಮನ್ನಿಸುವುದಿಲ್ಲ. ಬಚ್ಚಿಟ್ಟುಕೊಳ್ಳಲು ಅಲ್ಲಿ ಜಾಗವಿಲ್ಲ.

ಇದೇ ಗೆರೆಯನ್ನು ಎರಡನೇ ಸ್ಪೀಶೀಸ್‌ಗೆ ಒಯ್ದರೆ ಡಿಸೊನೆನ್ಸ್ (ಕಿವಿಗೆ ಉಜ್ಜುವ ಅಂತರ) ಮೊದಲ ಬಾರಿ ಒಳಗೆ ಬರುತ್ತದೆ. ಐದನೇ ಸ್ವರ ಪದ ಮೇಲೆ ನಿ-ಸ' ಎಂದು ಎರಡು ಹಾಕಿ ರಿ'ಗೆ ಹೋಗಿ. ಪ-ಸ' ನಡುವಿನ ಫೋರ್ತ್ ಎರಡು ದನಿಯಲ್ಲಿ ಡಿಸೊನೆನ್ಸ್ ಲೆಕ್ಕ. ಆದರೂ ಸ' ದುರ್ಬಲ ಘಾತದಲ್ಲಿದೆ, ಹಿಂದೆ ಮುಂದೆ ಮೆಟ್ಟಿಲು ಹಿಡಿದೇ ನಡೆದಿದೆ, ಆದ್ದರಿಂದ ಸರಿ. ನಾಲ್ಕನೇ ಸ್ಪೀಶೀಸ್‌ನಲ್ಲಿ ಕೊನೆಯ ಭಾಗ ನೋಡಿ: ಗದ ಮೇಲಿನ ಸ'ವನ್ನು ಬಿಡದೆ ಹಾಗೇ ಹಿಡಿದಿರಿ, ಕೆಳಗೆ ರಿ ಬರಲಿ. ಈಗ ಸೆವೆಂತ್ ಉಜ್ಜುತ್ತದೆ. ಆಮೇಲೆ ಸ' ನಿಗೆ ಇಳಿದು ಸಿಕ್ಸ್ತ್, ಅಲ್ಲಿಂದ ಸ' ಏರಿ ಆಕ್ಟೇವ್. ಉಜ್ಜುವ ಸ್ವರ ಮೊದಲೇ ಹಿತವಾಗಿ ನಿಂತಿರಬೇಕು, ಬಲವಾದ ಘಾತದಲ್ಲಿ ಉಜ್ಜಬೇಕು, ಒಂದು ಮೆಟ್ಟಿಲು ಇಳಿದು ಬಿಡುಗಡೆಯಾಗಬೇಕು. ಇಡೀ ಟೋನಲ್ ಸಂಗೀತದ ಒತ್ತಡ-ಬಿಡುಗಡೆಯ ಬೀಜ ಈ ಮೂರು ಹೆಜ್ಜೆಗಳಲ್ಲಿದೆ. ಸೆವೆಂತ್ ಕಾರ್ಡಿನ ಮ ಯಾಕೆ ಇಳಿಯಲೇಬೇಕು ಎಂಬ ಪ್ರಶ್ನೆಗೆ ಇಲ್ಲಿಗೆ ಬಂದಾಗ ಉತ್ತರ ಸಿಕ್ಕಿರುತ್ತದೆ. ಕಾರ್ಡಿನಿಂದ ಶುರು ಮಾಡಿದವರು ಅದನ್ನು ಬಾಯಿಪಾಠ ಮಾಡಬೇಕಾಗುತ್ತದೆ.

ಮೊದಲ ಸ್ಪೀಶೀಸ್‌ನಲ್ಲಿ ಮೇಲೆ ಹತ್ತು, ಕೆಳಗೆ ಹತ್ತು ಬರೆದು ತಪ್ಪಿಲ್ಲದೆ ಬರುವವರೆಗೂ ಎರಡನೆಯದಕ್ಕೆ ಹೋಗಬೇಡಿ. ಐದನೆಯದನ್ನು ತಲುಪಿದ ಮೇಲೆ ಕಾರ್ಡು ಕಲಿಯುವುದು ಬೇಗ ಆಗುತ್ತದೆ.

ಪ್ರಶ್ನೆ: ನಮ್ಮ ಚರ್ಚ್ ಕಾಯರ್‌ನಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಗಂಡಸರು ನಾಲ್ಕೇ ಜನ. ಪುಸ್ತಕ ಇರುವುದು ನಾಲ್ಕು ದನಿಗೆ. ಗಂಡಸರಿಗೆ ಟೆನರ್ ಗೆರೆ ಕೊಟ್ಟು ಬೇಸ್ ಬಿಟ್ಟು ಹಾಡಿಸುತ್ತಿದ್ದೇವೆ. ಆರ್ಗನ್ ಇದ್ದಾಗ ಚೆನ್ನ, ಕರೆಂಟ್ ಹೋದರೆ ಎಲ್ಲವೂ ತೇಲಿದ ಹಾಗಿರುತ್ತದೆ. ಆಲ್ಟೊದವರು ಎರಡನೇ ಚರಣಕ್ಕೆ ಸೊಪ್ರಾನೊ ರಾಗ ಹಿಡಿದುಬಿಡುತ್ತಾರೆ.
(ಕೆ.ಜಿ.ಎಫ್.ನ ಓದುಗರು)

ಉತ್ತರ: ತೇಲುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. 1ನೇ ಕಾರ್ಡಿನಲ್ಲಿ ಟೆನರ್ ಬಹಳ ಸಲ ಪ ಹಾಡುತ್ತದೆ. ಕೆಳಗೆ ಸ ಇದ್ದಾಗ ಆ ಪ ಕಾರ್ಡನ್ನು ತುಂಬುತ್ತದೆ. ಆರ್ಗನ್ ನಿಂತಾಗ ಅದೇ ಪ ಎಲ್ಲಕ್ಕಿಂತ ಕೆಳಗಿನ ಸ್ವರವಾಗಿ ಕಾರ್ಡು ಸೆಕೆಂಡ್ ಇನ್ವರ್ಷನ್ ಆಗುತ್ತದೆ. ಅದು ನಿಲ್ಲುವ ಕಾರ್ಡಲ್ಲ, ಮುಂದೆ ಎಲ್ಲಿಗೋ ಹೋಗಬೇಕೆನ್ನುವ ಕಾರ್ಡು. ಚರಣದ ಕೊನೆಯಲ್ಲೂ ಅದೇ ಬಂದರೆ ಹಾಡು ಮುಗಿದಂತೆಯೇ ಆಗುವುದಿಲ್ಲ.

ಗಂಡಸರಿಗೆ ಬೇಸ್ ಗೆರೆಯನ್ನೇ ಕೊಡಿ. ತೀರ ಕೆಳಗಿನ ಸ್ವರಗಳನ್ನು ಒಂದು ಸ್ಥಾಯಿ ಮೇಲೆ ಹಾಡಲಿ, ಆದರೆ ಆಲ್ಟೊವನ್ನು ದಾಟಬಾರದು. ಮಧ್ಯದ ಸಿಯ ಕೆಳಗಿನ ಎ ಮತ್ತು ಅದರ ಕೆಳಗಿನ ಸ್ಥಾಯಿಯ ಎ, ಇವೆರಡರ ನಡುವೆ ಇದ್ದರೆ ಹೆಚ್ಚಿನ ಗಂಡಸರ ಗಂಟಲಿಗೆ ಸಲೀಸು. ಸೊಪ್ರಾನೊ ಹಾಡಿನ ರಾಗ. ಉಳಿದ ಆಲ್ಟೊಗೆ ಯಾವ ಸ್ವರ ಎಂಬುದೇ ಪ್ರಶ್ನೆ: ಸೊಪ್ರಾನೊ ಅಥವಾ ಬೇಸ್ ಬಳಿ ಕಾರ್ಡಿನ ಥರ್ಡ್ ಇಲ್ಲದಿದ್ದರೆ ಆಲ್ಟೊಗೆ ಥರ್ಡ್ ಕೊಡಿ. ಇದ್ದರೆ ಬೇರು ಸ್ವರವನ್ನೋ ಫಿಫ್ತ್ ಅನ್ನೋ ಕೊಡಿ. ಮೂರು ದನಿಯಲ್ಲಿ ಮೊದಲು ಬಿಡಬೇಕಾದದ್ದು ಫಿಫ್ತ್. ಥರ್ಡ್ ಬಿಟ್ಟರೆ ಮೇಜರೋ ಮೈನರೋ ತಿಳಿಯುವುದಿಲ್ಲ. 5ನೇ ಸೆವೆಂತ್‌ನಲ್ಲಿ ರಿ ಬಿಡಿ. ಪ, ನಿ, ಮ ಉಳಿಸಿ. ಒಂದು ಹಾಡನ್ನು ಹೀಗೆ ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಲು ಒಂದು ಸಂಜೆ ಸಾಕು.

ಆಲ್ಟೊ ಜಾರುವುದಕ್ಕೆ ಅವರು ಕಾರಣರಲ್ಲ. ಒಂದೇ ಸ್ವರ ನಾಲ್ಕೈದು ಸಲ ಬರುವ ಗೆರೆ ನೆನಪಿನಲ್ಲಿ ನಿಲ್ಲುವುದಿಲ್ಲ, ರಾಗ ಸೆಳೆಯುತ್ತದೆ. ಕಲಿಸುವಾಗ ಸೊಪ್ರಾನೊವನ್ನು ಕೊನೆಗೆ ಸೇರಿಸಿ. ಆಲ್ಟೊ ಒಂಟಿಯಾಗಿ, ಪದವಿಲ್ಲದೆ 'ಲಾ' ಎಂದು. ಆಮೇಲೆ ಆಲ್ಟೊ ಮತ್ತು ಬೇಸ್. ಎರಡು ಗೆರೆ ಗಟ್ಟಿಯಾದ ಮೇಲೆ ಸೊಪ್ರಾನೊ ಮೆಲ್ಲಗೆ. ಪುಸ್ತಕದಲ್ಲಿ ಟೆನರ್ ಸ್ವರಗಳು ಟ್ರೆಬಲ್ ಕ್ಲೆಫ್‌ನಲ್ಲಿದ್ದು ಅದರ ಅಡಿಯಲ್ಲಿ ಸಣ್ಣ 8 ಇದ್ದರೆ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕು, ಇದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತೇನೆ. ಸ-ಗ-ಪ ಒಟ್ಟಿಗೆ ಒತ್ತಿದರೆ ಕೆಳಗಿನ ಸ್ಥಾಯಿಯಲ್ಲಿ ಗೊಗ್ಗರು ದನಿ. ಪೆಟ್ಟಿಗೆಯ ದೋಷವೆ?
(ಪಾವಗಡದ ಹಾರ್ಮೋನಿಯಂ ಮೇಷ್ಟ್ರು)

ಉತ್ತರ: ಪೆಟ್ಟಿಗೆ ಸರಿಯಾಗಿಯೇ ಇದೆ ಮೇಷ್ಟ್ರೇ. ಶುದ್ಧವಾದ ಸ-ಗ ಅಂತರ ಸುಮಾರು 386 ಸೆಂಟ್ (ಒಂದು ಸ್ಥಾಯಿಯನ್ನು 1200 ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್). ಹಾರ್ಮೋನಿಯಂ, ಕೀಬೋರ್ಡುಗಳನ್ನು ಕೂಡಿಸುವ ಸಮ ಪಾಲಿನ ಪದ್ಧತಿಯಲ್ಲಿ ಅದು 400. ಮಧ್ಯದ ಸಿ 261.6 ಹರ್ಟ್ಸ್ ಇದ್ದರೆ ಅದರ ಐದನೇ ಉಪಸ್ವರಕ್ಕೂ ಗದ ನಾಲ್ಕನೇ ಉಪಸ್ವರಕ್ಕೂ ತಾಳೆಯಾಗದೆ ಸೆಕೆಂಡಿಗೆ ಸುಮಾರು 10 ಸಲ ಮಿಡಿತ ಕೇಳುತ್ತದೆ. ಪಿಯಾನೋದಲ್ಲಿ ದನಿ ಬೇಗ ಇಳಿಯುವುದರಿಂದ ಇದು ಅಷ್ಟು ಗಮನಕ್ಕೆ ಬರುವುದಿಲ್ಲ. ರೀಡು ತಿದಿ ಒತ್ತಿದಷ್ಟು ಹೊತ್ತೂ ಕೂಗುತ್ತದಲ್ಲ, ಅಲ್ಲಿ ಎದ್ದು ಕಾಣುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಇದರ ಜೊತೆಗೆ ಹತ್ತಿರದ ಎರಡು ಸ್ವರಗಳನ್ನು ಕಿವಿ ಬಿಡಿಸಲಾರದೆ ಒರಟಾಗಿ ಕೇಳುತ್ತದೆ. ಆದ್ದರಿಂದ ಮಂದ್ರದಲ್ಲಿ ಸ-ಪ ಅಥವಾ ಸ-ಸ' ಮಾತ್ರ ಹಿಡಿಯಿರಿ, ಗವನ್ನು ಮಧ್ಯ ಸ್ಥಾಯಿಗೆ ಎತ್ತಿ. ಎರಡು ಸಾಲು ರೀಡಿನ ಪೆಟ್ಟಿಗೆಯಾದರೆ ಕಾರ್ಡು ಹಿಡಿಯುವಾಗ ಬೇಸ್ ಸಾಲಿನ ಸ್ಟಾಪ್ ಮುಚ್ಚಿ, ಕಪ್ಲರ್ ಇದ್ದರೆ ಅದನ್ನೂ ತೆಗೆಯಿರಿ. ಒಂದು ಕೈ ತಿದಿಗೆ ಹೋಗುವುದರಿಂದ ನಾಲ್ಕು ದನಿ ನಿಮಗೆ ಹೇಗೂ ಕಷ್ಟ. ಮೇಲೆ ಕೊಟ್ಟ ಎರಡು ದನಿಯ ಪಾಠ ಮಾತ್ರ ಒಂದೇ ಕೈಗೆ ಸಿಗುತ್ತದೆ: ಹೆಬ್ಬೆರಳಿಗೆ ಕೆಳಗಿನ ಗೆರೆ, ಕಿರುಬೆರಳು ಉಂಗುರ ಬೆರಳಿಗೆ ಮೇಲಿನದು.

ಪ್ರಶ್ನೆ: ರಾಕ್ ಗಿಟಾರಿನ ಪವರ್ ಕಾರ್ಡ್ ಪೂರ್ತಿ ಪ್ಯಾರಲಲ್ ಫಿಫ್ತೇ. ಹಾಗಾದರೆ ಅದು ತಪ್ಪೆ?
(ಗೌರಿಬಿದನೂರಿನ ಓದುಗರು)

ಉತ್ತರ: ಅಲ್ಲ. ಅಲ್ಲಿ ಎರಡು ದನಿ ಇಲ್ಲ, ಒಂದೇ ದನಿಯನ್ನು ದಪ್ಪ ಮಾಡಿದ್ದಾರೆ. ಪೈಪ್ ಆರ್ಗನ್ನಿನಲ್ಲೂ ಒಂದು ಕೀ ಒತ್ತಿದರೆ ಅದರ ಮೇಲಿನ ಫಿಫ್ತ್ ಕೂಗುವ ಸ್ಟಾಪ್‌ಗಳಿವೆ. ಸ್ವತಂತ್ರ ದನಿಗಳು ಬೇಕು ಎಂದು ಹೊರಟಾಗ ಮಾತ್ರ ಈ ನಿಯಮ.

ಪ್ರಶ್ನೆ: ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಮಕ್ಕಳು ಕೀಬೋರ್ಡ್ ತಂದು ಸರಳೆ ವರಸೆಗೆ ಕಾರ್ಡು ಹಾಕಿ ಎನ್ನುತ್ತಾರೆ. ಶಂಕರಾಭರಣಕ್ಕೆ ಕೂರುತ್ತದೆ, ಮಾಯಾಮಾಳವಗೌಳಕ್ಕೆ ಕೂರುವುದೇ ಇಲ್ಲ. ಯಾಕೆ?
(ತುಮಕೂರಿನ ಓದುಗರು)

ಉತ್ತರ: ರಾಗದ ಸ್ವರಗಳಿಂದಲೇ ಒಂದು ಬಿಟ್ಟು ಒಂದು ಆರಿಸಿ ಕಾರ್ಡು ಕಟ್ಟಿ ನೋಡಿ. ಶಂಕರಾಭರಣದಲ್ಲಿ ಸ, ಮ, ಪದ ಮೇಲೆ ಮೇಜರ್ (ಕೆಳಗಿನ ಥರ್ಡ್ ನಾಲ್ಕು ಅರ್ಧ ಮೆಟ್ಟಿಲು). ರಿ, ಗ, ದದ ಮೇಲೆ ಮೈನರ್ (ಕೆಳಗಿನ ಥರ್ಡ್ ಮೂರು ಅರ್ಧ ಮೆಟ್ಟಿಲು). ನಿಯ ಮೇಲೆ ಮಾತ್ರ ಡಿಮಿನಿಶ್ಡ್ (ಫಿಫ್ತ್ ಅರ್ಧ ಮೆಟ್ಟಿಲು ಕಡಿಮೆ). ಮಾಯಾಮಾಳವಗೌಳದಲ್ಲಿ ರಿ, ದ ಎರಡೂ ಅರ್ಧ ಮೆಟ್ಟಿಲು ಕೆಳಗೆ. ಆಗ ಸ ಮೇಜರ್, ರಿ ಮೇಜರ್ (ರಿ ಮ ದ), ಗ ಮೈನರ್, ಮ ಮೈನರ್. ಇಲ್ಲಿವರೆಗೆ ಪರವಾಗಿಲ್ಲ. ದದ ಮೇಲೆ ದ-ಸ-ಗ, ಇದು ಆಗ್ಮೆಂಟೆಡ್ (ಫಿಫ್ತ್ ಅರ್ಧ ಮೆಟ್ಟಿಲು ಹೆಚ್ಚು). ನಿಯ ಮೇಲೆ ಟ್ರೈಯಡ್ಡೇ (ಮೂರು ಸ್ವರದ ಸರಿಯಾದ ಕಾರ್ಡು) ಹುಟ್ಟುವುದಿಲ್ಲ, ನಿಗೂ ರಿಗೂ ನಡುವೆ ಎರಡೇ ಅರ್ಧ ಮೆಟ್ಟಿಲು. ಎಲ್ಲಕ್ಕಿಂತ ದೊಡ್ಡ ತೊಡಕು ಪದ ಮೇಲೆ: ಪ-ನಿ-ರಿ ಕಟ್ಟಿದರೆ ಪ-ರಿ ಅಂತರ ಶುದ್ಧ ಫಿಫ್ತ್ ಆಗದೆ ಅರ್ಧ ಮೆಟ್ಟಿಲು ಕಡಿಮೆಯಾಗುತ್ತದೆ. ಟೋನಲ್ ಹಾರ್ಮನಿಯ ಕೊನೆಮುಟ್ಟು 5ರಿಂದ 1ಕ್ಕೆ ಬರುವ ಕೇಡೆನ್ಸ್. ಆ 5ನೇ ಕಾರ್ಡೇ ಇಲ್ಲಿ ಕುಂಟು. ಕೀಬೋರ್ಡಿನ ಆಟೋ ಕಾರ್ಡ್ ಪದ ಮೇಲೆ ಜಿ ಮೇಜರ್ ಹಾಕಿ ಚತುಶ್ರುತಿ ರಿಷಭ ತುರುಕುತ್ತದೆ, ಹಾಡುವ ಮಗುವಿನ ಶುದ್ಧ ರಿಷಭಕ್ಕೂ ಅದಕ್ಕೂ ಕಚ್ಚಾಟ.

ರಾಗ ಬಿಡದೆ ಮುಕ್ತಾಯ ಮಾಡಲು ಒಂದು ದಾರಿ ಇದೆ. ಬೇಸ್‌ನಲ್ಲಿ ರಿ, ಅದರ ಮೇಲೆ ಮ, ಪ, ನಿ. ಮುಂದಕ್ಕೆ ರಿ ಸಕ್ಕೆ ಇಳಿಯಲಿ, ಮ ಗಕ್ಕೆ ಇಳಿಯಲಿ, ಪ ಇದ್ದಲ್ಲೇ ಇರಲಿ, ನಿ ಸ'ಕ್ಕೆ ಏರಲಿ. ಕೆಳಗಿನ ರಿ ಮತ್ತು ಮೇಲಿನ ನಿ ಎದುರು ದಿಕ್ಕಿಗೆ ತೆರೆದು ಆಕ್ಟೇವ್ ಮೇಲೆ ನಿಲ್ಲುತ್ತವೆ. ಪಾಶ್ಚಾತ್ಯರು ಇದನ್ನು ಆಗ್ಮೆಂಟೆಡ್ ಸಿಕ್ಸ್ತ್ ಜಾತಿಯ ಕಾರ್ಡು ಎನ್ನುತ್ತಾರೆ. ಬದಲಿಗೆ ರಿ-ಮ-ದ ಮೇಜರ್ ಕಾರ್ಡನ್ನು ಹಾಗೇ ಜಾರಿಸಿ ಸ-ಗ-ಪ ಮಾಡಿದರೆ ಮತ್ತೆ ಪ್ಯಾರಲಲ್ ಫಿಫ್ತ್.

ಮೋಹನದಲ್ಲಿ ಪೂರ್ತಿ ಟ್ರೈಯಡ್ ಸಿಗುವುದು ಎರಡೇ (ಸ-ಗ-ಪ, ದ-ಸ-ಗ), ಹಂಸಧ್ವನಿಯಲ್ಲಿ ಮೂರು (ಸ-ಗ-ಪ, ಗ-ಪ-ನಿ, ಪ-ನಿ-ರಿ). ಹಂಸಧ್ವನಿ ಬ್ಯಾಂಡ್‌ನವರಿಗೆ ಅಚ್ಚುಮೆಚ್ಚು ಎಂಬುದರಲ್ಲಿ ಆಶ್ಚರ್ಯವೇನಿಲ್ಲ, 5ನೇ ಕಾರ್ಡು ಗಟ್ಟಿಯಾಗಿದೆ. ಗಮಕ ಇರುವ ಕಡೆ ಕಾರ್ಡು ಬೇಡ, ಸ್ವರ ನಿಂತ ಕಡೆ ಮಾತ್ರ ಹಾಕಿ. ಮಕ್ಕಳ ಅಭ್ಯಾಸಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಹೇಳಿ ಮಾಡಿಸಿದಂತಿವೆ. ಶಂಕರಾಭರಣದ ಸ್ವರಗಳು, ಪಾಶ್ಚಾತ್ಯ ಮಟ್ಟುಗಳು, ಗಮಕದ ಕಾಟವಿಲ್ಲ. 'ಶ್ಯಾಮಳೇ ಮೀನಾಕ್ಷಿ'ಯ ಸ ಸ ಪ ಪ ದ ದ ಪ, ಮ ಮ ಗ ಗ ರಿ ರಿ ಸ ತೆಗೆದುಕೊಳ್ಳಿ. ಬೇಸ್ ಬರೆಯಲು ಕೊಟ್ಟರೆ ಹೆಚ್ಚಿನ ಮಕ್ಕಳು ಮಕ್ಕೆ ಮ, ಗಕ್ಕೆ ಗ ಹಾಕಿ ಪ್ಯಾರಲಲ್ ಆಕ್ಟೇವ್ ಮಾಡುತ್ತಾರೆ. ಮದ ಕೆಳಗೆ ದ, ಗದ ಕೆಳಗೆ ಸ ಹಾಕಿಸಿ: ರಾಗ ಇಳಿಯುತ್ತದೆ, ಬೇಸ್ ಏರುತ್ತದೆ.

ಪ್ರಶ್ನೆ: ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ ತಾನೆ? ಹಾಗಿದ್ದರೆ ಮೆಲೋಡಿಕ್ ಮೈನರ್ ಎಂಬ ಇನ್ನೊಂದರ ಅಗತ್ಯವೇನು?
(ಕೋಲಾರದ ಓದುಗರು)

ಉತ್ತರ: ಸ್ವರಗಳ ಮಟ್ಟಿಗೆ ಹೌದು, 21ನೇ ಮೇಳ ಕೀರವಾಣಿ. ನ್ಯಾಚುರಲ್ ಮೈನರ್ 20ನೇ ಮೇಳ ನಟಭೈರವಿ. ಅದರಲ್ಲಿ ನಿ ಕೆಳಗಿರುವುದರಿಂದ 5ನೇ ಕಾರ್ಡು ಮೈನರ್ ಆಗಿ ಸದ ಕಡೆಗೆ ಎಳೆತವಿರುವುದಿಲ್ಲ. ಎಳೆತ ಬರಲೆಂದು ನಿಯನ್ನು ಅರ್ಧ ಮೆಟ್ಟಿಲು ಏರಿಸಿದರು, ಕೀರವಾಣಿ ಆಯಿತು. ಆದರೆ ಈಗ ದ-ನಿ ನಡುವೆ ಮೂರು ಅರ್ಧ ಮೆಟ್ಟಿಲಿನ ಹಳ್ಳ. ಕೀರವಾಣಿ ಹಾಡುವವರಿಗೆ ಆ ಹಳ್ಳವೇ ಸೊಗಸು. ಕಾಯರ್ ಬರಹದಲ್ಲಿ ಅದನ್ನು ತಪ್ಪಿಸುತ್ತಿದ್ದರು. ಆದ್ದರಿಂದ ಏರುವಾಗ ದವನ್ನೂ ಏರಿಸಿ ಗೌರಿಮನೋಹರಿಯ (23) ಸ್ವರ, ಇಳಿಯುವಾಗ ಎರಡನ್ನೂ ಇಳಿಸಿ ನಟಭೈರವಿಯ ಸ್ವರ. ಅದೇ ಮೆಲೋಡಿಕ್ ಮೈನರ್. ಕಾರ್ಡಿಗೆ ಕೀರವಾಣಿ, ಗೆರೆಗೆ ಮೆಲೋಡಿಕ್ ಎಂದು ನೆನಪಿಟ್ಟರೆ ಸಾಕು.

ಇಲ್ಲಿ ಎಡವುವ ಜಾಗ 5ರಿಂದ 6ಕ್ಕೆ ಹೋಗುವ ಡಿಸೆಪ್ಟಿವ್ ಕೇಡೆನ್ಸ್, ಅಂದರೆ ಹುಸಿ ಮುಕ್ತಾಯ. ಬೇಸ್ ಪದಿಂದ ದಕ್ಕೆ ಏರುತ್ತದೆ. ನಿ ಏರಿ ಸಕ್ಕೆ, ರಿ ಇಳಿದು ಸಕ್ಕೆ, ಪ ಇಳಿದು ಗಕ್ಕೆ ಹೋಗಬೇಕು. 6ನೇ ಕಾರ್ಡಿನಲ್ಲಿ ಎರಡು ಸ ಬಂತಲ್ಲ ಎಂದು ತಿದ್ದಿ ಎರಡು ದ ಮಾಡಲು ಹೋದರೆ ಪ-ದ ಪ್ಯಾರಲಲ್ ಆಕ್ಟೇವ್ ಆಗುತ್ತದೆ, ಇಲ್ಲವೇ ನಿ ಆ ಹಳ್ಳ ಹಾರಿ ದಕ್ಕೆ ಬೀಳುತ್ತದೆ.

ಪ್ರಶ್ನೆ: ಮಗಳು ಪಿಯಾನೋ 5ನೇ ಗ್ರೇಡ್‌ನಲ್ಲಿದ್ದಾಳೆ. ಥಿಯರಿ ಪರೀಕ್ಷೆ ಬರೆಯಲೇಬೇಕೆ?
(ತುಮಕೂರಿನ ಓದುಗರು)

ಉತ್ತರ: ಬ್ರಿಟನ್ನಿನ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನಲ್ಲಿ 6ನೇ ಪ್ರಾಕ್ಟಿಕಲ್ ಗ್ರೇಡ್‌ಗೆ ಮೊದಲು 5ನೇ ಗ್ರೇಡ್ ಥಿಯರಿ ಅಥವಾ ಅದಕ್ಕೆ ಸಮನೆಂದು ಅವರು ಒಪ್ಪುವ ಬೇರೆ ಪರೀಕ್ಷೆ ಆಗಿರಬೇಕು. ಅಂಥದೇ ಇನ್ನೊಂದು ಮಂಡಳಿ ಟ್ರಿನಿಟಿಯಲ್ಲಿ ಆ ಕಟ್ಟಳೆ ಇಲ್ಲ. 5ನೇ ಗ್ರೇಡ್ ಥಿಯರಿ ಪಾಸಾದರೆ ಹಾರ್ಮನಿ ಬಂತೆಂದುಕೊಳ್ಳಬೇಡಿ, ಅದು ಕಾರ್ಡು ಗುರುತಿಸುವವರೆಗೆ ಮಾತ್ರ.

ಪ್ರಶ್ನೆ: ಬರೆದದ್ದನ್ನು ಮ್ಯೂಸ್‌ಸ್ಕೋರ್ ಎಂಬ ನೊಟೇಷನ್ ಸಾಫ್ಟ್‌ವೇರ್‌ನಲ್ಲಿ ಹಾಕಿ ಕೇಳುತ್ತೇನೆ. ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ತಪ್ಪು ಹಿಡಿಯುವುದು ಹೇಗೆ?
(ಶ್ರೀನಿವಾಸಪುರದ ಓದುಗರು)

ಉತ್ತರ: ನಾಲ್ಕೂ ದನಿಯನ್ನು ಒಂದೇ ಪಿಯಾನೋ ದನಿಯಲ್ಲಿ ಕೇಳಿದರೆ ಎಲ್ಲ ತಪ್ಪೂ ಮುಚ್ಚಿಹೋಗುತ್ತದೆ. ಸ್ಟಾಫ್ ನಾಲ್ಕು ಮಾಡಿ, ಒಂದೊಂದಕ್ಕೆ ಬೇರೆ ವಾದ್ಯ ಕೊಡಿ: ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. ಮಿಕ್ಸರ್‌ನಲ್ಲಿ ಮೂರನ್ನು ಮ್ಯೂಟ್ ಮಾಡಿ ಒಂದನ್ನೇ ಕೇಳಿ, ಅದರ ಜೊತೆ ಹಾಡಿ. ಹಾಡಲು ತೊಡಕಾದ ಕಡೆ ಹೆಚ್ಚಾಗಿ ದೊಡ್ಡ ನೆಗೆತವೋ ಟ್ರೈಟೋನೋ (ಮ-ನಿ ಥರದ ಅಂತರ) ಇರುತ್ತದೆ. ಆಮೇಲೆ ಜೋಡಿಗಳು. ನಾಲ್ಕು ದನಿಗೆ ಆರು ಜೋಡಿ: ಸೊಪ್ರಾನೊ-ಬೇಸ್ ಮೊದಲು, ನಂತರ ಬೇಸ್ ಜೊತೆ ಟೆನರ್, ಆಲ್ಟೊ, ಕೊನೆಗೆ ಮೇಲಿನ ಮೂರರ ನಡುವಿನ ಮೂರು. ಪ್ರತಿ ಜೋಡಿಯಲ್ಲೂ 5 ಮತ್ತು 8 ಬಂದ ಕಡೆ ಮಾತ್ರ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆಯಿರಿ. ಪಕ್ಕಪಕ್ಕದಲ್ಲಿ 5-5 ಅಥವಾ 8-8 ಬಿದ್ದಿದ್ದರೆ, ಎರಡೂ ದನಿ ಸರಿದಿವೆಯೇ ನೋಡಿ. ಎರಡೂ ಇದ್ದಲ್ಲೇ ಇದ್ದು ಅದೇ ಸ್ವರ ಮತ್ತೆ ಬಂದಿದ್ದರೆ ಅದು ತಪ್ಪಲ್ಲ. ನಡುವೆ ಒಂದು ಹಾದುಹೋಗುವ ಸ್ವರ ತುರುಕಿ 5-6-5 ಮಾಡಿ ಪಾರಾಗಲು ನೋಡುವವರಿದ್ದಾರೆ, ಬಲವಾದ ಎರಡು ಘಾತಗಳಲ್ಲಿ 5 ಉಳಿದಿದ್ದರೆ ಕಿವಿಗೆ ಅದು ಹಾಗೇ ಕೇಳುತ್ತದೆ. ತಪ್ಪು ಸಿಕ್ಕಿದ ಕೂಡಲೇ ಆ ಒಂದು ಸ್ವರ ತಿದ್ದಬೇಡಿ. ತಿದ್ದಿದ ಸ್ವರ ಇನ್ನೊಂದು ಜೋಡಿಯಲ್ಲಿ ಹೊಸ ತಪ್ಪು ಮಾಡುತ್ತದೆ. ಎರಡು ಕಾರ್ಡು ಹಿಂದಕ್ಕೆ ಹೋಗಿ ಅಲ್ಲಿಂದ ಆ ಗೆರೆಯನ್ನೇ ಬೇರೆ ದಾರಿಯಲ್ಲಿ ತನ್ನಿ.